ಒಂದು ರಾತ್ರಿಯ ನೆಲ

ದುಡ್ಡು ಕೊಟ್ಟು ಬಯಲಿನಲ್ಲಿ ಮಲಗುವವರಿದ್ದಾರೆ ಎಂದರೆ ನಮ್ಮ ಚಳ್ಳಕೆರೆಯಲ್ಲಿ ಕಂಬಳಿ ಮಾರುವ ಯಾವ ಅಜ್ಜನೂ ನಂಬಲಾರ. ಈ ಸೀಮೆಯಲ್ಲಿ ಬಯಲಲ್ಲಿ ಮಲಗುವುದು ಒಂದು ಸುದ್ದಿಯೇ ಅಲ್ಲ. ಬೇಸಿಗೆ ಬಂತೆಂದರೆ ನಾವೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಬೆಳೆದವರು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಬರುವ ಜನ ಮರದ ಕೆಳಗೆ, ಗಾಡಿಯ ಕೆಳಗೆ, ಸೀರೆ ಕಟ್ಟಿದ ನೆರಳಿನಲ್ಲಿ ಮಕ್ಕಳುಮರಿಗಳೊಂದಿಗೆ ಬೆಳಗು ಮಾಡುತ್ತಾರೆ. ಕುರಿಯ ಹಿಂದೆ ಹೋದ ಗಂಡಸರಿಗಂತೂ ವರ್ಷದಲ್ಲಿ ಎಷ್ಟೋ ತಿಂಗಳು ಕಂಬಳಿಯೇ ಮನೆ. ಇದಕ್ಕೆಲ್ಲ ಒಂದು ಹೆಸರಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಮೆರಿಕದಲ್ಲಿರುವ ನನ್ನ ಮಗಳು ಇದಕ್ಕೆ ‘ಕ್ಯಾಂಪಿಂಗ್’ ಎನ್ನುತ್ತಾಳೆ. ಅದಕ್ಕಾಗಿ ಹನ್ನೊಂದು ತಿಂಗಳು ಮೊದಲೇ ಜಾಗ ಕಾದಿರಿಸುತ್ತಾಳೆ. ಮದುವೆ ಛತ್ರವನ್ನೂ ನಾವು ಅಷ್ಟು ಮುಂಚೆ ಗೊತ್ತು ಮಾಡುವುದಿಲ್ಲ!

2025ರ ಜನವರಿಯಲ್ಲಿ ಅವಳ ಮನೆಗೆ ಹೋಗಿದ್ದಾಗ ನಾನೂ ಮೂರು ರಾತ್ರಿ ಹಾಗೆ ಮಲಗಿ ಬಂದೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೆಲ ಅದೇ, ಆಕಾಶ ಅದೇ, ಹೊದಿಕೆಯೂ ಹೆಚ್ಚು ಕಡಿಮೆ ಅದೇ. ಹೀಗಿದ್ದೂ ಬಯಲಲ್ಲಿ ಮಲಗುವುದು ಒಬ್ಬರಿಗೆ ಸುಖವಾಗಿ, ಇನ್ನೊಬ್ಬರಿಗೆ ಅಪರಾಧವಾಗಿ, ಮತ್ತೊಬ್ಬರಿಗೆ ಶಿಕ್ಷೆಯಾಗಿ ಬದಲಾಗುವುದು ಹೇಗೆ? ಅದನ್ನು ಬದಲಿಸುವವರು ಯಾರು?

ಮೊದಲು ಸುಖದ ಮಾತು. ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಸಮುದ್ರದೊಳಕ್ಕೆ ಮಣಿಸರದ ಹಾಗೆ ನಡುಗಡ್ಡೆಗಳು ಸಾಲಾಗಿವೆ. ಅವುಗಳಲ್ಲಿ ಒಂದರ ಹೆಸರು ಬಹಿಯಾ ಹೋಂಡಾ. ಅಲ್ಲಿ ರಾಜ್ಯ ಸರ್ಕಾರದ್ದೇ ಒಂದು ಉದ್ಯಾನವಿದೆ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಕೊಲ್ಲಿಯ ತಿಳಿನೀರು. 1912ರಲ್ಲಿ ಕೀ ವೆಸ್ಟ್ ಊರಿನ ತನಕ ರೈಲು ಓಡಿಸಲೆಂದು ಕಟ್ಟಿದ ಸೇತುವೆಯ ತುಂಡು ಈಗಲೂ ನೀರಿನ ಮೇಲೆ ನಿಂತಿದೆ. 1935ರ ಚಂಡಮಾರುತದ ನಂತರ ಆ ರೈಲು ನಿಂತೇ ಹೋಯಿತಂತೆ. ನಮ್ಮಲ್ಲಿ ಚಳಿಗಾಲ ಎಂದರೆ ಕಿಟಕಿ ಮುಚ್ಚುವ ಕಾಲ. ಅಲ್ಲಿ ಅದು ಗುಡಾರ ಹೊಡೆಯುವ ಕಾಲ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ, ಬಿರುಗಾಳಿಯ ಭಯ. ಆದ್ದರಿಂದ ಜನವರಿ, ಫೆಬ್ರವರಿಗಳಲ್ಲಿ ಅಲ್ಲಿ ಜಾಗ ಸಿಗುವುದೇ ದೊಡ್ಡ ಅದೃಷ್ಟ. ಆ ರಾಜ್ಯದಲ್ಲೇ ವಾಸವಿರುವವರು ಹನ್ನೊಂದು ತಿಂಗಳು ಮುಂಚೆ ಕಾದಿರಿಸಬಹುದು; ಹೊರಗಿನವರು ಹತ್ತು ತಿಂಗಳು. ಅಳೆದು ಗೆರೆ ಹಾಕಿದ ಜಾಗಗಳು, ಪ್ರತಿ ಜಾಗದ ಮುಂದೆ ನಂಬರಿನ ಒಂದು ಗೂಟ. ಪಕ್ಕದಲ್ಲೇ ನಲ್ಲಿ, ಕರೆಂಟು, ನಾಲ್ಕು ಹೆಜ್ಜೆಯಲ್ಲಿ ಶುಚಿಯಾದ ಕಕ್ಕಸು, ಬಿಸಿನೀರಿನ ಬಚ್ಚಲು. ಒಲೆ ಹೊತ್ತಿಸಲು ಕಬ್ಬಿಣದ ಬಳೆ.

ಅಳಿಯ ಗೂಟ ಹೊಡೆದು ಗುಡಾರ ಎಬ್ಬಿಸಿದ. ಮಗಳು ಸಣ್ಣ ಗ್ಯಾಸ್ ಒಲೆಯ ಮೇಲೆ ಚಿತ್ರಾನ್ನ ಕಲಸಿದಳು. ಮೊಮ್ಮಗ ಮರಳು ಮೆತ್ತಿದ ಕಾಲಲ್ಲೇ ನನ್ನ ಹಾಸಿಗೆಗೆ ಬಂದು ಬಿದ್ದ. ರಾತ್ರಿ ರಕೂನ್ ಎಂಬ, ಬೆಕ್ಕಿಗಿಂತ ದಪ್ಪನೆಯ ಪ್ರಾಣಿಯೊಂದು ನಾನು ಊರಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತೆಗೆದುಬಿಟ್ಟಿತು. ಖಾರ ತಾಗಿತೋ ಏನೋ, ಅರ್ಧದಲ್ಲೇ ಬಿಟ್ಟು ಓಡಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇದಾವುದೂ ಅಲ್ಲ. ನಮ್ಮ ಪಕ್ಕದ ನಂಬರಿನಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಒಬ್ಬಳೇ ಇದ್ದಳು. ಚಿಕ್ಕ ಗುಡಾರ, ಮಡಿಸುವ ಕುರ್ಚಿ, ಒಂದು ಪುಸ್ತಕ. ಕತ್ತಲಾದ ಮೇಲೆ ಗುಡಾರದ ಜಿಪ್ ಎಳೆದುಕೊಂಡು ನಿಶ್ಚಿಂತೆಯಿಂದ ಮಲಗಿಬಿಟ್ಟಳು. ನಾನು ಬಹಳ ಹೊತ್ತು ಆ ಗುಡಾರವನ್ನೇ ನೋಡುತ್ತಾ ಕೂತಿದ್ದೆ. ನಮ್ಮಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದೆವು ಎಂದೆನಲ್ಲ, ಆ ಸುಖ ಕೂಡ ಹೆಣ್ಣುಮಕ್ಕಳಿಗೆ ಒಂದು ವಯಸ್ಸಿನ ತನಕ ಮಾತ್ರ. ದೊಡ್ಡವಳಾದ ಮೇಲೆ ಅಮ್ಮ ಚಾಪೆ ಸುತ್ತಿ ನಡುಮನೆಗೆ ತಂದಳು. ಅಣ್ಣ ತಮ್ಮಂದಿರು ಮೇಲೆಯೇ ಉಳಿದರು. ಈ ಹೆಂಗಸಿಗೆ ಇಷ್ಟು ಧೈರ್ಯ ಕೊಟ್ಟದ್ದು ಯಾವುದು? ತೆಳ್ಳನೆಯ ಬಟ್ಟೆಯ ಗೋಡೆ ಖಂಡಿತ ಅಲ್ಲ. ಹೊರಗೆ ನೆಟ್ಟಿದ್ದ ನಂಬರಿನ ಗೂಟ. ಈ ರಾತ್ರಿ ಈ ಜಾಗ ಇವಳದು ಎಂದು ಒಂದು ಸರ್ಕಾರ ಬರೆದುಕೊಟ್ಟಿತ್ತು. ಆ ಒಂದು ಮಾತಿನ ಮೇಲೆ ಅವಳು ನಿದ್ರೆ ಮಾಡುತ್ತಿದ್ದಳು.

ವಾಪಸು ಬರುವಾಗ ಮಯಾಮಿ ನಗರದಲ್ಲಿ ಒಂದು ಮೇಲ್ಸೇತುವೆಯ ಕೆಳಗೆ ಕಾರು ಸಿಗ್ನಲ್ಲಿಗೆ ನಿಂತಿತು. ಕಂಬಕ್ಕೆ ಒರಗಿಸಿದ ಅಂಗಡಿಯ ತಳ್ಳುಬುಟ್ಟಿ. ಅದಕ್ಕೆ ಕಟ್ಟಿದ ನೀಲಿ ಟಾರ್ಪಾಲು. ನಮ್ಮ ಗುಡಾರದ ಅಡಿಗೆ ಅಳಿಯ ಹಾಸಿದ್ದಂಥದ್ದೇ. ಅದರ ಕೆಳಗೆ ಒಬ್ಬ ಹೆಂಗಸು, ಅವಳೂ ಅದೇ ವಯಸ್ಸಿನವಳೇ ಇರಬೇಕು. ಮಗಳು ಕಾರಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಿಕೊಂಡಳು.

ಮನೆಗೆ ಬಂದ ಮೇಲೆ ಮಗಳು, ಅಳಿಯ ಇಬ್ಬರನ್ನೂ ಕೇಳಿ ತಿಳಿದುಕೊಂಡೆ. ಅಮೆರಿಕದ ಸುಪ್ರೀಂ ಕೋರ್ಟಿಗೆ ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣ ಹೋಗಿತ್ತು. ಮನೆಯಿಲ್ಲದವರು ಸಾರ್ವಜನಿಕ ಜಾಗದಲ್ಲಿ ಹಾಸಿಕೊಂಡು ಹೊದ್ದುಕೊಂಡು ಮಲಗಿದರೆ ಆ ಊರು ದಂಡ ಹಾಕುತ್ತಿತ್ತು. ಹಾಗೆ ದಂಡಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 2024ರ ಜೂನ್ 28ರಂದು ತೀರ್ಪು ಬಂತು. ಆ ಊರಿನ ನಿಯಮವೂ ‘ಕ್ಯಾಂಪಿಂಗ್’ ಎಂಬ ಪದವನ್ನೇ ಬಳಸುತ್ತದೆ. ಅಂದರೆ ಒಂದು ಹೊದಿಕೆ ಸಾಕು, ಮಲಗಿದವನು ಕ್ಯಾಂಪಿಂಗ್ ಮಾಡಿದಂತಾಯಿತು. ಕಂಬಳಿಯ ಊರಿನವಳಾದ ನನಗೆ ಇದು ಅರಗಲಿಲ್ಲ. ಅದೇ ವರ್ಷ ಅಕ್ಟೋಬರ್ 1ರಿಂದ ಫ್ಲಾರಿಡಾದಲ್ಲೂ ಒಂದು ಕಾನೂನು ಜಾರಿಗೆ ಬಂದಿದೆ. ಬೀದಿ, ಪಾರ್ಕುಗಳಂಥ ಸಾರ್ವಜನಿಕ ಜಾಗಗಳಲ್ಲಿ ಜನ ಮಲಗಿ ಬಿಡಾರ ಹೂಡುವುದಕ್ಕೆ ನಗರಗಳು ಅವಕಾಶ ಕೊಡಕೂಡದು. ಕೊಡಲೇಬೇಕೆಂದರೆ ಬೇರೆ ಜಾಗ ಗುರುತಿಸಿ ನೀರು, ಕಕ್ಕಸು, ಕಾವಲು ಒದಗಿಸಬೇಕು. ನೀರು, ಕಕ್ಕಸು, ಕಾವಲು. ಆ ಮೂರು ರಾತ್ರಿ ನಮಗೆ ಸಿಕ್ಕಿದ್ದೂ ಇವೇ ಮೂರು. ನಾವು ರಾತ್ರಿಗೆ ಮೂವತ್ತು ನಲವತ್ತು ಡಾಲರ್ ತೆತ್ತಿದ್ದೆವು, ಅಷ್ಟೇ.

“ಅಮ್ಮ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ,” ಎಂದಳು ಮಗಳು. “ಮಕ್ಕಳು ಆಡುವ ಪಾರ್ಕಿನಲ್ಲಿ ಸೂಜಿ ಬಿದ್ದಿರುತ್ತವೆ. ಕಕ್ಕಸಿಲ್ಲದ ಕಡೆ ನೂರಾರು ಜನ ಮಲಗಿದರೆ ರೋಗ ಬರುವುದಿಲ್ಲವೇ? ಅವರ ನಡುವೆ ಇರುವ ಹೆಂಗಸರ ಗತಿ ಏನು ಎಂದು ಯೋಚಿಸಿದ್ದೀಯಾ?” ಅಳಿಯನ ಮಾತು ಇನ್ನೂ ಗಟ್ಟಿ: “ಅತ್ತೆ, ಎಲ್ಲರಿಗೂ ಸೇರಿದ ಜಾಗದಲ್ಲಿ ಯಾರೂ ಬೇರು ಬಿಡಬಾರದು. ಬಹಿಯಾ ಹೋಂಡಾದಲ್ಲಿ ನಮ್ಮನ್ನೂ ಹದಿನಾಲ್ಕು ರಾತ್ರಿಗಿಂತ ಹೆಚ್ಚು ಇರಗೊಡುವುದಿಲ್ಲ.”

ಈ ಮಾತುಗಳನ್ನು ನಾನು ತಳ್ಳಿಹಾಕುವುದಿಲ್ಲ. ಬಯಲಲ್ಲಿ ಮಲಗುವುದೇ ಒಂದು ಪುಣ್ಯ ಎನ್ನುವ ಹಾಗೆ ಬರೆಯುವವರನ್ನು ಕಂಡರೆ ನನಗೂ ಆಗದು. ಆದರೆ ಅಳಿಯನ ಮಾತಿನಲ್ಲಿ ಒಂದು ಬಿಟ್ಟುಹೋಗಿದೆ. ನಮಗೆ ಹದಿನಾಲ್ಕು ರಾತ್ರಿ ಸಾಕಾಗುತ್ತದೆ, ಹದಿನೈದನೆಯ ರಾತ್ರಿಗೆ ನಮಗೆ ಮನೆಯಿದೆ. ಆ ಹೆಂಗಸಿಗೆ ಒಂದು ರಾತ್ರಿಯ ನಿಯಮವೂ ಭಾರವೇ, ಏಕೆಂದರೆ ಎರಡನೆಯ ರಾತ್ರಿ ಎಲ್ಲಿ ಎಂಬುದಕ್ಕೆ ನಿಯಮದಲ್ಲಿ ಉತ್ತರವಿಲ್ಲ. ಹಾಗಾದರೆ ನಮ್ಮ ಗುಡಾರದ ಸುಖ ಗುಡಾರದಲ್ಲಿ ಇರಲಿಲ್ಲ. ಹೋಗಬೇಕೆನಿಸಿದಾಗ ಹೋದದ್ದರಲ್ಲಿ, ಹೋದ ಕಡೆ ‘ಬನ್ನಿ’ ಎನ್ನಿಸಿಕೊಂಡದ್ದರಲ್ಲಿ, ಸಾಕೆನಿಸಿದಾಗ ಹಿಂದಿರುಗಲು ಬಾಗಿಲು ತೆರೆದೇ ಇದ್ದುದರಲ್ಲಿ ಇತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ಆಕಾಶ ಬೇರೆಯೇ ಆಗಿಬಿಡುತ್ತದೆ.

ಇದನ್ನು ಅಮೆರಿಕಕ್ಕೆ ಹೋಗಿ ಕಲಿಯಬೇಕಿತ್ತೇ ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಗೊಲ್ಲರ ಹಟ್ಟಿಗಳಿಂದ ಬರುವ ಹುಡುಗಿಯರು ತಿಂಗಳಿಗೊಮ್ಮೆ ಕೆಲವು ದಿನ ಕಾಣೆಯಾಗುತ್ತಿದ್ದರು. ಹಟ್ಟಿಯ ಹೊರಗೆ, ಮರದ ಬುಡದಲ್ಲೋ ಗುಡಿಸಲಿನಲ್ಲೋ ಕೂತಿರುತ್ತಿದ್ದರು. ಬಾಣಂತಿಯರನ್ನೂ ಹಸುಗೂಸಿನೊಂದಿಗೆ ಹಾಗೆ ಇಡುವ ಪದ್ಧತಿ ಚಿತ್ರದುರ್ಗ, ತುಮಕೂರು ಸೀಮೆಯ ಹಟ್ಟಿಗಳಲ್ಲಿತ್ತು. ಇಂದಿಗೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆಗಾಳಿಗೆ ಸಿಕ್ಕಿದ ಒಂದು ಶಿಶು ಹೀಗೆ ಗುಡಿಸಲಿನಲ್ಲೇ ಚಳಿ ಹಿಡಿದು ಹೋಯಿತು. ಇಂಥ ಬಹಿಷ್ಕಾರವನ್ನು ಅಪರಾಧವೆನ್ನುವ 2017ರ ಕಾಯಿದೆ ನಮ್ಮ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿದೆ. ಹಟ್ಟಿಯ ಎಷ್ಟೋ ಹೆಣ್ಣುಮಕ್ಕಳು ಓದಿ, ನೌಕರಿ ಹಿಡಿದು, ಈ ಕಟ್ಟನ್ನು ತಾವೇ ಮುರಿದಿದ್ದಾರೆ. ಆದರೆ ಆ ಗುಡಿಸಲನ್ನು ಸುಮ್ಮನೆ ನೋಡಿದರೆ ಅಲ್ಲಿಯೂ ಇರುವುದು ಮಣ್ಣಿನ ನೆಲ, ಸೋರುವ ಮಾಡು, ಮೇಲೆ ನಕ್ಷತ್ರ. ಬಹಿಯಾ ಹೋಂಡಾದಲ್ಲಿ ಜನ ದುಡ್ಡು ಕೊಟ್ಟು ಕೊಳ್ಳುವುದು ಹೆಚ್ಚು ಕಡಿಮೆ ಇದನ್ನೇ.

ಹಟ್ಟಿಯವರ ಮಾತು, ನಮಗೇನು ಎಂದು ಪೇಟೆಯವರಾದ ನಾವು ಪಕ್ಕಕ್ಕೆ ಸರಿಯುವಂತಿಲ್ಲ. ನಮ್ಮ ಮನೆಗಳಲ್ಲಿ ಆ ಮೂರು ದಿನಕ್ಕೆ ಇದ್ದ ಮಾತೇ ‘ಹೊರಗಾದಳು’ ಎಂದು. ಹೊರಗೆ ಕೂತಿದ್ದಾಳೆ, ಮುಟ್ಟಬೇಡ. ಜಗಲಿಯ ಮೂಲೆ, ಬೇರೆ ಚಾಪೆ, ಬೇರೆ ಲೋಟ. ಎಷ್ಟೋ ಹೆಂಗಸರು ‘ಆ ಮೂರು ದಿನವೇ ನಮಗೆ ವಿಶ್ರಾಂತಿ’ ಎಂದು ನಗುತ್ತಾ ಹೇಳಿದ್ದನ್ನು ನಾನೂ ಕೇಳಿದ್ದೇನೆ. ವಿಶ್ರಾಂತಿ ಇದ್ದರೂ ಇರಬಹುದು. ಆದರೆ ಬೇಡವೆನಿಸಿದಾಗ ಎದ್ದು ಒಳಗೆ ಹೋಗುವ ಹಾಗಿಲ್ಲದ ಕಡೆ ಸಿಗುವ ವಿಶ್ರಾಂತಿಯನ್ನು ನಾನು ಬೇರೆ ಹೆಸರಿನಿಂದ ಕರೆಯುತ್ತೇನೆ.

ಹಾಗೆಂದು ನಮ್ಮ ಸೀಮೆಯಲ್ಲಿ ಹೊರಗೆ ಮಲಗುವುದೆಲ್ಲ ಕಷ್ಟದ್ದೇ ಎನ್ನುವಂತಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮರ್ಯಾದೆಯ ಬಿಡಾರವೆಂದರೆ ಕುರಿ ಮಂದೆಯದು. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ರೈತನೇ ಹೋಗಿ ಕುರಿಯವರನ್ನು ಕರೆದು ಬರುತ್ತಾನೆ. ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಮಂದೆಯನ್ನು ತರುಬುತ್ತಾರೆ. ಕುರಿಗಳು ಹಿಕ್ಕೆ, ಗಂಜಲ ಹಾಕಿದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಅದಕ್ಕೆ ಪ್ರತಿಯಾಗಿ ರೈತ ಜೋಳವನ್ನೋ ರಾಗಿಯನ್ನೋ ದುಡ್ಡನ್ನೋ ಕೊಡುತ್ತಾನೆ. ಅಂದರೆ ಇಲ್ಲಿ ಮಲಗುವವನಿಗೇ ಬಾಡಿಗೆ! ಅವನು ಬೇಡುವವನಲ್ಲ, ಅತಿಥಿಯೂ ಅಲ್ಲ, ನೆಲಕ್ಕೆ ಬೇಕಾದವನು.

ಊರ ಹೊಲಗಳಾಚೆ ಅವನಿಗೆ ಇನ್ನೊಂದು ನೆಲವಿತ್ತು. ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನಂತೆ. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳು ಇವು. ಸುತ್ತಲಿನ ಹಳ್ಳಿಗಳ ದನ, ಕುರಿಗಳಿಗೂ ಅದೇ ಆಧಾರ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ 2010ರ ಹೊತ್ತಿಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋಡೆಗಳು ಎದ್ದವು. ಹಳ್ಳಿಯವರೂ ಪರಿಸರದವರೂ ಹೈಕೋರ್ಟು, ಹಸಿರು ನ್ಯಾಯಮಂಡಳಿಗಳ ಮೆಟ್ಟಿಲು ಹತ್ತಿದರು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ವಿಮಾನನೌಕೆ ಆಕಾಶದಿಂದ ತಾನಾಗಿ ಇಳಿದದ್ದು ಇಲ್ಲಿಯ ಓಟದ ಹಾದಿಯ ಮೇಲೆಯೇ. ಅದನ್ನು ಟಿ.ವಿ.ಯಲ್ಲಿ ಕಂಡಾಗ ಕಣ್ಣು ತುಂಬಿ ಬಂತು. ಮೇಷ್ಟ್ರಮ್ಮನಾಗಿ ಬಾಳಿದವಳು ನಾನು. ಆದರೆ ಗೋಡೆಯಾಚೆ ನಿಂತ ಕುರಿಯವನ ಮುಖವೂ ನನಗೆ ಗೊತ್ತು. ಅವನಿಗೆ ಯಾರೂ ಹನ್ನೊಂದು ತಿಂಗಳು ಮುಂಚೆ ತಿಳಿಸಿರಲಿಲ್ಲ.

ಹೀಗೆ ಯೋಚಿಸುತ್ತಾ ಹೋದಾಗ ಮೊಳಕಾಲ್ಮೂರಿನ ಒಂದು ಬಂಡೆ ನೆನಪಾಗುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಶಾಲೆಯ ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದೊಯ್ದಿದ್ದೇನೆ. ಆ ಶಾಸನದಲ್ಲಿ 256 ಎಂಬ ಒಂದು ಸಂಖ್ಯೆ ಬರುತ್ತದೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಅರಸ ಅರಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎನ್ನುವವರು ಹಲವರು. ಇನ್ನೂರೈವತ್ತಾರು ರಾತ್ರಿ ಬೀಡು ಬಿಟ್ಟ ಚಕ್ರವರ್ತಿ! ಆ ಹೊತ್ತಿನಲ್ಲಿ ಅವನು ಸಾರಿ ಹೇಳಿಸಿದ ಮಾತಿನ ತಿರುಳು ಇಷ್ಟು: ಶ್ರಮಿಸಿದರೆ ಸಿಗುವ ಈ ಒಳಿತು ದೊಡ್ಡವರ ಪಾಲಿನದಷ್ಟೇ ಅಲ್ಲ, ಚಿಕ್ಕವರಿಗೂ ಸಿಗುವಂಥದ್ದು. ಅವನು ಹೇಳಿದ್ದು ಧರ್ಮದ ವಿಷಯ. ನಾನು ಅದನ್ನು ಒಂದು ರಾತ್ರಿಯ ನಿದ್ದೆಗೂ ಅನ್ವಯಿಸಿಕೊಳ್ಳುತ್ತೇನೆ. ನಮ್ಮ ಭಾಷೆಯನ್ನೇ ನೋಡಿ, ಅರಸ ಹೂಡಿದರೆ ಬೀಡು, ಕುರಿಯವನು ಹೂಡಿದರೆ ಬಿಡಾರ, ಬಡವಿ ಹೂಡಿದರೆ ಜೋಪಡಿ.

ಮಗಳೊಮ್ಮೆ ಫೋನಿನಲ್ಲಿ ಕೇಳಿದಳು, “ಹಾಗಾದರೆ ನಾವು ಕ್ಯಾಂಪಿಂಗ್ ಹೋಗುವುದು ತಪ್ಪೇನಮ್ಮ?” ತಪ್ಪಲ್ಲ. ಆ ಕಡಲತೀರದ ಸುಖ ನಿಜವಾದದ್ದು. ಅದನ್ನು ಬಿಟ್ಟುಕೊಟ್ಟರೆ ಸೇತುವೆಯ ಕೆಳಗಿನ ಹೆಂಗಸಿಗೆ ಒಂದು ಚಾಪೆಯೂ ಹೆಚ್ಚಾಗಿ ಸಿಗುವುದಿಲ್ಲ. ಬಡವರ ಕಷ್ಟವನ್ನು ಆಟವಾಡುತ್ತಿದ್ದೀರಿ ಎಂದು ಹಂಗಿಸುವುದೂ ಸುಲಭದ ಮಾತು. ನಾನು ಹೇಳುವುದು ಬೇರೆ. ನಿಶ್ಚಿಂತೆಯ ಒಂದು ರಾತ್ರಿ ಎಂದರೇನು ಎಂದು ಒಮ್ಮೆ ಅನುಭವಿಸಿದ ಮೇಲೆ, ಇನ್ನೊಬ್ಬರಿಗೆ ಅದು ಬೇಕಾಗಿಲ್ಲ, ಅವರಿಗೆ ಅಭ್ಯಾಸವಾಗಿದೆ ಎನ್ನುವ ಮಾತನ್ನು ನಾವು ಆಡಬಾರದು. ನಂಬರಿನ ಗೂಟ ನೆಡಬಲ್ಲ ಸರ್ಕಾರಕ್ಕೆ ಸೇತುವೆಯ ಕೆಳಗಿನವರಿಗೂ ಒಂದು ಗೂಟ ನೆಡುವುದು ಕಷ್ಟವಲ್ಲ. ಅದನ್ನು ಕೇಳಬೇಕಾದವರು ಗೂಟದ ಒಳಗೆ ಮಲಗಿ ಎದ್ದವರು. ವೋಟು ಹಾಕುವ ಊರಿನಲ್ಲಿ ನೀನದನ್ನು ಕೇಳು ಎಂದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮೊಮ್ಮಗನ ಪರೀಕ್ಷೆಯ ಮಾತೆತ್ತಿದಳು. ಇರಲಿ.

ಕೇಳು ಎಂದು ಹೇಳಿದವಳಿಗೂ ಲೆಕ್ಕ ಕೊಡುವ ಸಂದರ್ಭ ಬೇಗನೆ ಬಂತು. ಸಿದ್ದಾಪುರದ ಕಡೆ ನಮ್ಮ ಮನೆಯವರ ಪಾಲಿನ ಐದು ಎಕರೆ ಈಗ ನನ್ನ ಹೆಸರಿನಲ್ಲಿದೆ. ಉಳುಮೆಯೆಲ್ಲ ಮೈದುನನದು. ಬೋರಿನಲ್ಲಿ ನೀರು ಬಿದ್ದಿದೆ, ದಾಳಿಂಬೆ ಹಾಕೋಣ, ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದುಬಿಡೋಣ ಎಂದ. “ಅತ್ತಿಗೆ, ಇನ್ನು ಮಂದೆ ಗಿಂದೆ ಅಂತ ಯಾರನ್ನೂ ಬಿಟ್ಟುಕೊಳ್ಳೋದು ಬೇಡ. ಗಿಡ ಒಂದು ಬಾಯಿಗೆ ಸಿಕ್ಕರೆ ಮೂರು ವರ್ಷದ ಶ್ರಮ ಹೋಯಿತು.” ಅವನದು ಸುಳ್ಳಲ್ಲ. ಸಾಲ ತೀರಿಸಬೇಕಾದವನು ಅವನು. ಆಕಾಶ, ನಕ್ಷತ್ರ ಎಂದು ಮಾತಾಡುವವಳು ನಾನು.

ಎರಡು ಸಂಜೆ ಮಾತಾಡಿದೆವು. ಒಂದು ಸಂಜೆ ಸ್ವಲ್ಪ ಜೋರಾಗಿಯೇ. ಕೊನೆಗೆ ನಾಲ್ಕು ಎಕರೆಗೆ ತಂತಿ, ಹಳ್ಳದ ಕಡೆಯ ಒಂದು ಎಕರೆ ಬಯಲು ಎಂದಾಯಿತು. ಆ ಎಕರೆಯ ಬೆಳೆಯ ಲೆಕ್ಕದಲ್ಲಿ ಅವನಿಗೆ ಆಗುವ ನಷ್ಟವನ್ನು ನನ್ನ ಪೆನ್ಷನ್ನಿನಿಂದ ತುಂಬಿಕೊಡುತ್ತೇನೆ. “ಅಮೆರಿಕದ ಹಾಗೆ ನಂಬರಿನ ಗೂಟವನ್ನೂ ನೆಡೋಣವಾ ಅತ್ತಿಗೆ?” ಎಂದು ಅವನು ಕುಟುಕಿದ. ಗೂಟ ಬೇಡ, ತೊಟ್ಟಿಗೆ ಒಂದು ನಲ್ಲಿ ಹಾಕಿಸು ಎಂದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಮಂದೆ ಬಂತು. ಗಂಡಸರ ಜೊತೆ ಒಬ್ಬ ಹೆಂಗಸೂ ಇದ್ದಳು, ಕಂಕುಳಲ್ಲಿ ಮಗು. ಎಷ್ಟು ಕೊಡುತ್ತೀರಿ, ಎಷ್ಟು ದಿನ ಎಂಬ ವ್ಯವಹಾರವನ್ನೆಲ್ಲ ಗಂಡಸರು ಮೈದುನನ ಜೊತೆ ಮಾಡುತ್ತಿದ್ದರು. ಅವಳು ಮಾತ್ರ ನನ್ನ ಹತ್ತಿರ ಬಂದು, ತೊಟ್ಟಿಯ ಕಡೆ ಕೈ ತೋರಿಸಿ, “ರಾತ್ರಿನೂ ನೀರು ಬರುತ್ತಾ ತಾಯಿ?” ಎಂದು ಕೇಳಿದಳು. ಕರೆಂಟು ಇದ್ದರೆ ಬರುತ್ತದೆ ಎಂದೆ.